ಹೊಡೆಯುವ ಮಗುವಿಗೆ ಮಾತು ಕಲಿಸಬೇಕು

ಪುಣೆಯ ಶಾಲೆಗಳಲ್ಲಿ ಪುಟ್ಟ ಮಕ್ಕಳು ಟೀಚರನ್ನು ‘ತಾಈ’ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದರ್ಥ. ಕೈಕಾಲು ತೊಳೆಸುವ, ಡಬ್ಬಿ ತೆರೆದುಕೊಡುವ ಸಹಾಯಕಿ ‘ಮಾವಶಿ’, ಅಂದರೆ ಚಿಕ್ಕಮ್ಮ. ಧಾರವಾಡ ಬಿಟ್ಟು ಇಲ್ಲಿಗೆ ಬಂದು 14 ವರ್ಷವಾದರೂ ನನ್ನ ಕಿವಿಗೆ ಮಕ್ಕಳ ಆ ಕೂಗು ‘ತಾಯಿ’ ಎಂದೇ ಕೇಳಿಸುತ್ತದೆ. ಒಂದು ಟ್ರಸ್ಟ್ ನಡೆಸುವ ಶಾಲೆಯಲ್ಲಿ ಮೂರರಿಂದ ಆರು ವರ್ಷದವರ ಶಿಶುವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ‘ನಿನಗೇನವ್ವ, ದಿನಾ ಹಾಡು, ಕುಣಿತ’ ಎಂದು ಊರಿನ ಬಂಧುಗಳು ನಗುತ್ತಾರೆ. ಹಾಡು, ಕುಣಿತ ಇರುವುದು ನಿಜ. ಅದರ ಜೊತೆಗೆ ಕೆನ್ನೆ ಮೇಲಿನ ಹಲ್ಲಿನ ಗುರುತು, ಕಿತ್ತು ಬಂದ ಕೂದಲು, ಹಾರಿ ಬಂದ ಮರದ ಬ್ಲಾಕು, ಸಂಜೆ ಗೇಟಿನಲ್ಲಿ ಕಾದು ನಿಂತ ಸಿಟ್ಟಿನ ಅಪ್ಪ ಅಮ್ಮಂದಿರೂ ಇರುತ್ತಾರೆ.

ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದ ಎರಡು ವಾರದೊಳಗೆ ಯಾರಾದರೊಬ್ಬ ಪಾಲಕರು ಕೇಳುವ ಪ್ರಶ್ನೆ ಒಂದೇ: ‘ಆ ಮಗುವನ್ನು ಯಾಕೆ ಇಟ್ಟುಕೊಂಡಿದ್ದೀರಿ?’ ಈ ಪ್ರಶ್ನೆಗೆ ಗೇಟಿನಲ್ಲಿ ನಿಂತು ಎರಡು ನಿಮಿಷದಲ್ಲಿ ಉತ್ತರ ಹೇಳಲಾಗದು. ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಕೈ ಮೊದಲು, ಮಾತು ಆಮೇಲೆ

ಮಕ್ಕಳು ಹೊಡೆಯುವುದನ್ನು ಎಲ್ಲಿಂದಲೋ ಕಲಿತು ಬರುತ್ತಾರೆ, ಟಿ.ವಿ. ನೋಡಿ ಕೆಡುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮನೋವಿಜ್ಞಾನಿ ರಿಚರ್ಡ್ ಟ್ರೆಂಬ್ಲೆ ಮತ್ತು ಸಂಗಡಿಗರು ಮಕ್ಕಳನ್ನು ಹಲವು ವರ್ಷ ಬೆನ್ನುಹತ್ತಿ ಅಧ್ಯಯನ ಮಾಡಿದಾಗ ಕಂಡದ್ದು ಬೇರೆ. ಹೊಡೆಯುವುದು, ಕಚ್ಚುವುದು, ತಳ್ಳುವುದು ಮಗುವಿಗೆ ವರ್ಷ ತುಂಬುವ ಹೊತ್ತಿಗೇ ಶುರುವಾಗುತ್ತದೆ. ಎರಡರಿಂದ ನಾಲ್ಕು ವರ್ಷದ ನಡುವೆ ತುದಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಇಳಿಯುತ್ತ ಹೋಗುತ್ತದೆ. ಸ್ವಲ್ಪ ಮಕ್ಕಳಲ್ಲಿ ಮಾತ್ರ ಅದು ಹಾಗೇ ಉಳಿಯುತ್ತದೆ. ಅಂದರೆ ಮಗು ಬೆಳೆಯುತ್ತ ಕಲಿಯುವುದು ಹೊಡೆಯುವುದನ್ನಲ್ಲ, ಹೊಡೆಯದೇ ಇರುವುದನ್ನು.

ಆ ಕಲಿಕೆಗೆ ಬೇಕಾದದ್ದು ಮಾತು, ಕಾಯುವ ಶಕ್ತಿ, ಸಿಟ್ಟನ್ನು ತಡೆಯುವ ಶಕ್ತಿ. ಸಿಟ್ಟಿಗೆ ಲಗಾಮು ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಮೂರು ವರ್ಷದ ಮಗುವಿಗೆ ‘ತಡೆದುಕೋ’ ಎಂದು ಹೇಳುವುದು ಸುಲಭ, ತಡೆದುಕೊಳ್ಳುವ ಸಾಮಗ್ರಿಯೇ ಅದರ ಬಳಿ ಇನ್ನೂ ಪೂರ್ತಿ ಬಂದಿಲ್ಲ. ಮನೆಯಲ್ಲಿ ಒಂದೇ ಮಗು, ಆಟಿಕೆಗಳೆಲ್ಲ ಅದಕ್ಕೇ. ಶಾಲೆಯಲ್ಲಿ ಒಂದು ಮೂರು ಗಾಲಿ ಸೈಕಲ್ಲಿಗೆ ಹತ್ತು ಜನ. ಜಗಳ ಆಗದಿದ್ದರೇ ಆಶ್ಚರ್ಯ.

ಮೊದಲ ಒಂದು ನಿಮಿಷ

ಕಚ್ಚಿದ ಕೂಡಲೇ ದೊಡ್ಡವರೆಲ್ಲ ಕಚ್ಚಿದವನ ಕಡೆ ಓಡುತ್ತಾರೆ. ನಮ್ಮಲ್ಲಿ ಹೊಸದಾಗಿ ಸೇರುವ ಟೀಚರುಗಳಿಗೆ ನಾನು ಮೊದಲು ಹೇಳುವ ಮಾತು, ಪೆಟ್ಟು ತಿಂದ ಮಗುವಿನ ಕಡೆ ಹೋಗಿ ಎಂಬುದು. ಅದನ್ನು ಎತ್ತಿಕೊಳ್ಳಿ, ಗಾಯ ನೋಡಿ, ತಣ್ಣೀರಿನ ಬಟ್ಟೆ ಒತ್ತಿ. ಚರ್ಮ ಹರಿದಿದ್ದರೆ ಸೋಪು ಹಾಕಿ ತೊಳೆದು ವೈದ್ಯರಿಗೆ ತೋರಿಸಿ. ನೋವಾದ ಮಗುವಿಗೆ ನ್ಯಾಯ ಅಲ್ಲಿಂದ ಶುರುವಾಗುತ್ತದೆ. ಕಚ್ಚಿದರೆ ಇಡೀ ಕೋಣೆ ತನ್ನ ಕಡೆ ತಿರುಗುತ್ತದೆ ಎಂಬ ಪಾಠವೂ ಇನ್ನೊಂದು ಮಗುವಿಗೆ ಸಿಗುವುದಿಲ್ಲ.

ಅಷ್ಟರಲ್ಲಿ ಇನ್ನೊಬ್ಬರು ಹೊಡೆದ ಮಗುವನ್ನು ಎರಡು ಹೆಜ್ಜೆ ಆಚೆ ಕರೆದೊಯ್ಯುತ್ತಾರೆ. ಕುಕ್ಕರುಗಾಲಿನಲ್ಲಿ ಕೂತು, ಕಣ್ಣಿನ ಮಟ್ಟಕ್ಕೆ ಬಂದು, ಸಣ್ಣ ದನಿಯಲ್ಲಿ ಒಂದೇ ವಾಕ್ಯ: ‘ಕಚ್ಚಬಾರದು, ಅವಳಿಗೆ ನೋವಾಗಿದೆ.’ ಅಷ್ಟೇ. ಉಪದೇಶ ಬೇಡ. ‘ಯಾಕೆ ಹೊಡೆದೆ?’ ಎಂದು ಕೇಳುವುದೂ ಬೇಡ. ನಾಲ್ಕು ವರ್ಷದ ಮಗುವಿಗೆ ಯಾಕೆಂದು ಗೊತ್ತಿದ್ದರೆ ಅದು ಹೊಡೆಯುವ ಬದಲು ಅದನ್ನೇ ಹೇಳುತ್ತಿತ್ತು.

‘ಸಾರಿ ಹೇಳು’ ಎಂದು ಒತ್ತಾಯಿಸುವುದನ್ನೂ ನಾವು ಬಿಟ್ಟಿದ್ದೇವೆ. ಮಕ್ಕಳು ಜಾಣರು. ಸಾರಿ ಎಂದರೆ ಬಿಡುಗಡೆ ಎಂದು ತಿಳಿದ ಮೇಲೆ, ಒಂದು ಕೈಯಲ್ಲಿ ತಳ್ಳುತ್ತಲೇ ಸಾರಿ ಹೇಳಿ ಮುಗಿಸುತ್ತಾರೆ. ಅದರ ಬದಲು ಸಿಟ್ಟು ಇಳಿದ ಮೇಲೆ ಏನಾದರೂ ಮಾಡಿಸುತ್ತೇವೆ. ಒದ್ದೆ ಬಟ್ಟೆ ತಂದುಕೊಡುವುದು, ಬೀಳಿಸಿದ ಗೋಪುರವನ್ನು ಮತ್ತೆ ಕಟ್ಟಲು ನೆರವಾಗುವುದು. ಕೈಯಿಂದ ಕೆಡಿಸಿದ್ದನ್ನು ಕೈಯಿಂದಲೇ ಸರಿಪಡಿಸಿದಾಗ ಮಗುವಿಗೆ ಅದು ಅರ್ಥವಾಗುತ್ತದೆ.

ಮೂರು ಕಾಲಮ್ಮಿನ ನೋಟ್‌ಬುಕ್ಕು

ಒಂದೇ ಮಗು ಮತ್ತೆ ಮತ್ತೆ ಹೊಡೆಯುತ್ತಿದ್ದರೆ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ಮು ಎಳೆಯುತ್ತೇವೆ. ಮೊದಲು ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಪಕ್ಕದಲ್ಲಿ ಗಂಟೆ ಮತ್ತು ಜಾಗ. ಮಕ್ಕಳ ವರ್ತನೆಯನ್ನು ಅಧ್ಯಯನ ಮಾಡುವವರ ಹಳೆಯ ವಿಧಾನವಿದು. ಖರ್ಚಿಲ್ಲ, ತರಬೇತಿಯೂ ಹೆಚ್ಚು ಬೇಡ. ಒಂದು ವಾರ ಬರೆದರೆ ಸಾಕು, ‘ಅವನು ಸುಮ್ಮಸುಮ್ಮನೆ ಹೊಡೆಯುತ್ತಾನೆ’ ಎಂಬ ಮಾತು ಬಹುತೇಕ ಸುಳ್ಳಾಗುತ್ತದೆ.

ನಮ್ಮ ನೋಟ್‌ಬುಕ್ಕುಗಳಲ್ಲಿ ಕೆಲವು ಸಂಗತಿಗಳು ವರ್ಷವೂ ಮರಳಿ ಬರುತ್ತವೆ. ಡಬ್ಬಿ ತಿನ್ನುವ ಮುಂಚಿನ ಅರ್ಧ ಗಂಟೆ, ಹಸಿವಿನ ಹೊತ್ತು. ಕೈ ತೊಳೆಯಲು ಸಾಲಿನಲ್ಲಿ ನಿಲ್ಲುವಾಗ, ಹಿಂದಿನವನು ತಾಗಿದಾಗ. ಒಂದು ಆಟ ನಿಲ್ಲಿಸಿ ಇನ್ನೊಂದಕ್ಕೆ ಹೋಗುವಾಗ. ಸೋಮವಾರ, ರಜೆಯ ಮರುದಿನ. ಇವು ಮಗುವಿನ ಗುಣದ ದೋಷಗಳಲ್ಲ, ನಮ್ಮ ವೇಳಾಪಟ್ಟಿಯ ಇಕ್ಕಟ್ಟುಗಳು. ಇದನ್ನು ನೋಡಿ ನಾವು ಡಬ್ಬಿಯ ಹೊತ್ತನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ತಂದೆವು. ಸಾಲು ನಿಲ್ಲಿಸುವುದನ್ನು ಬಿಟ್ಟು ನಾಲ್ಕು ನಾಲ್ಕು ಮಕ್ಕಳನ್ನು ನಲ್ಲಿಗೆ ಕಳಿಸತೊಡಗಿದೆವು. ಹತ್ತು ಬಗೆಯ ಆಟಿಕೆ ಒಂದೊಂದು ಇಡುವ ಬದಲು ಐದು ಬಗೆಯವನ್ನು ನಾಲ್ಕು ನಾಲ್ಕು ಇಟ್ಟೆವು. ಆಟ ಮುಗಿಯುವ ಮೊದಲು ಗಂಟೆ ಬಾರಿಸಿ ‘ಇನ್ನೈದು ನಿಮಿಷ’ ಎಂದು ಹೇಳುತ್ತೇವೆ.

ಮಕ್ಕಳ ಸಂಖ್ಯೆಯೂ ದೊಡ್ಡ ವಿಷಯ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರಿರಬೇಕು ಎನ್ನುತ್ತದೆ. ನಲವತ್ತು ಮಕ್ಕಳನ್ನು ಒಂದು ಕೋಣೆಗೆ ತುಂಬಿ ಒಬ್ಬ ಟೀಚರನ್ನು ಬಿಟ್ಟು, ಆಮೇಲೆ ‘ಮಕ್ಕಳು ತುಂಬಾ ಹೊಡೆದಾಡುತ್ತಾರೆ’ ಎಂದರೆ ತಪ್ಪು ಯಾರದು?

ಜೇವರ್ಗಿ ಕಡೆಯ ಹುಡುಗ

ನಮ್ಮ ಶಾಲೆಯ ಹತ್ತಿರದಲ್ಲೇ ದೊಡ್ಡ ಕಟ್ಟಡಗಳ ಕೆಲಸ ನಡೆಯುತ್ತಿದೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ ಇವೆ. ಆ ಮಕ್ಕಳಲ್ಲಿ ಕೆಲವರನ್ನು ಟ್ರಸ್ಟ್ ಶುಲ್ಕವಿಲ್ಲದೆ ಸೇರಿಸಿಕೊಳ್ಳುತ್ತದೆ. ಕೆಲ ವರ್ಷಗಳ ಹಿಂದೆ ಆಗಸ್ಟ್‌ನಲ್ಲಿ ಹಾಗೆ ಬಂದವನು ನಾಲ್ಕು ವರ್ಷದ ಒಬ್ಬ ಹುಡುಗ. ಹೆಸರು ಬೇಡ. ಅಪ್ಪ ಸರಳು ಕಟ್ಟುವ ಕೆಲಸದವನು, ಊರು ಜೇವರ್ಗಿ ಕಡೆ. ಬಂದ ಮೊದಲ ತಿಂಗಳಲ್ಲಿ ಕಚ್ಚದ ದಿನವೇ ಇರಲಿಲ್ಲ. ಅದರಲ್ಲೂ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿಯ ತೋಳಿಗೆ ನಾಲ್ಕು ಸಲ.

ತರಗತಿಯ ತಾಈ, ಸಾತಾರಾ ಕಡೆಯ ಹುಡುಗಿ, ಮೂರು ಕಾಲಮ್ಮಿನ ನೋಟ್‌ಬುಕ್ಕು ಶುರುಮಾಡಿದಳು. ವಾರದ ಕೊನೆಗೆ ಇಬ್ಬರೂ ಕೂತು ಓದಿದೆವು. ಅವನ ಕೈಯಲ್ಲಿದ್ದದ್ದನ್ನು ಯಾರಾದರೂ ಕಿತ್ತಾಗ, ಅವನಿಗೆ ಏನೋ ಬೇಕಾಗಿ ಯಾರಿಗೂ ತಿಳಿಯದಾಗ, ಮತ್ತು ಬೆಳಗ್ಗೆ ಹನ್ನೊಂದರ ನಂತರ. ಬಹುಪಾಲು ಕಡಿತಗಳು ಈ ಮೂರರಲ್ಲೇ ಇದ್ದವು. ತರಗತಿ ನಡೆಯುವುದು ಮರಾಠಿಯಲ್ಲಿ, ನಡುನಡುವೆ ಇಂಗ್ಲಿಷ್. ಅವನ ಬಾಯಲ್ಲಿದ್ದದ್ದು ಕನ್ನಡ. ‘ನಂದದು’ ಎಂದರೆ ಅಲ್ಲಿ ಕೇಳುವವರಿಲ್ಲ, ‘ನೀರ್ ಬೇಕು’ ಎಂದರೆ ತಿಳಿಯುವವರಿಲ್ಲ. ಹಲ್ಲಿನ ಭಾಷೆ ಮಾತ್ರ ಎಲ್ಲರಿಗೂ ತಕ್ಷಣ ಅರ್ಥವಾಗುತ್ತಿತ್ತು.

ಅವನ ತಾಯಿಯನ್ನು ಕರೆಸಿದೆವು. ತಲೆಗೆ ಸೆರಗು ಹೊದ್ದು, ಬಾಗಿಲ ಬಳಿಯೇ ನಿಂತಳು. ಬೈಸಿಕೊಳ್ಳಲು ಬಂದವಳ ನಿಲುವು ಅದು. ನಾನು ಕನ್ನಡದಲ್ಲಿ ‘ಬಾರವ್ವ, ಕೂಡು’ ಎಂದಾಗ ಮುಖ ಎತ್ತಿದಳು.

‘ಅಕ್ಕಾರ, ಇಲ್ಲಿ ತನಕಾ ಯಾರೂ ಕನ್ನಡ ಮಾತಾಡಿದ್ದಿಲ್ಲರಿ,’ ಎಂದಳು. ಆಮೇಲೆ ಒಂದೊಂದೇ ಹೊರಬಂತು. ರಾತ್ರಿ ಸ್ಲ್ಯಾಬ್ ಹಾಕುವ ದಿನ ಮಷೀನಿನ ಸದ್ದಿಗೆ ಹುಡುಗ ಮಲಗುವುದೇ ಇಲ್ಲ. ಮಳೆಗಾಲ ಶುರುವಾದಾಗಿನಿಂದ ಒಂದು ಕಿವಿ ಸೋರುತ್ತಿದೆ, ಎಣ್ಣೆ ಬಿಟ್ಟಿದ್ದಾರೆ. ಮನೆಯಲ್ಲಿ ಹಟ ಮಾಡಿದರೆ ಅಪ್ಪ ಬಾರಿಸುತ್ತಾನೆ. ‘ಏನ್ ಮಾಡೂದ್ರಿ, ದಣದು ಬಂದಿರತಾರ.’

ಒಂದೇ ಕಾರಣ ಹುಡುಕುತ್ತಿದ್ದ ನಮಗೆ ನಾಲ್ಕು ಸಿಕ್ಕವು. ಕಿವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಿದೆವು, ಎಣ್ಣೆ ಬಿಡಬಾರದೆಂದು ವೈದ್ಯರೇ ತಾಯಿಗೆ ಹೇಳಿದರು. ಹನ್ನೊಂದಕ್ಕೆ ಮೂಲೆಯಲ್ಲಿ ಚಾಪೆ ಹಾಸಿಟ್ಟೆವು. ಬೇಕಾದರೆ ಮಲಗಬಹುದು. ಮೊದಲ ವಾರ ದಿನವೂ ಮಲಗಿದ. ನಾನು ಮತ್ತು ತಾಈ ಸೇರಿ ಅವನಿಗೆ ಐದು ಮರಾಠಿ ಮಾತು ಕಲಿಸಿದೆವು: ‘ಮಾಝ’ ಅಂದರೆ ನಂದು, ‘ನಕೋ’ ಅಂದರೆ ಬೇಡ, ‘ದೇ’ ಅಂದರೆ ಕೊಡು, ‘ಪಾಣಿ’, ಮತ್ತು ‘ತಾಈ’. ‘ನಕೋ’ ಎನ್ನುವಾಗ ಅಂಗೈ ಮುಂದೆ ಹಿಡಿಯಬೇಕು. ಉಳಿದ ಮಕ್ಕಳಿಗೆ ‘ನಂದು’, ‘ಬೇಡ’, ‘ಕೊಡು’ ಕಲಿಸಿದೆವು. ಅವರಿಗದು ಹೊಸ ಆಟವಾಯಿತು, ಮನೆಗೆ ಹೋಗಿ ಅಜ್ಜಿಯರಿಗೂ ‘ಬೇಡ, ಬೇಡ’ ಎನ್ನತೊಡಗಿದರು. ಮಾವಶಿಯೊಬ್ಬರು ಅವನ ಕೈಯಳತೆಯ ದೂರದಲ್ಲೇ ಕೂರುತ್ತಿದ್ದರು. ಬಾಯಿ ತೆರೆಯುವ ಮುನ್ನ ಹೆಗಲ ಮೇಲೆ ಕೈ ಇಟ್ಟು ಮಾತು ನೆನಪಿಸುವುದು ಅವರ ಕೆಲಸ.

ಹನ್ನೊಂದು ಸಹಿಗಳ ಪತ್ರ

ಇದೆಲ್ಲ ಶುರುವಾಗಿ ಎರಡು ವಾರವಾಗಿತ್ತು, ಅಷ್ಟರಲ್ಲಿ ಹನ್ನೊಂದು ಪಾಲಕರು ಸಹಿ ಮಾಡಿದ ಪತ್ರ ಬಂತು. ಪಾಲಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಲ್ಲಿನ ಗುರುತಿನ ಫೋಟೊ ಆಗಲೇ ಓಡಾಡಿತ್ತು. ‘ಶೆಡ್ಡಿನ ಮಕ್ಕಳು’ ಎಂಬ ಮಾತೂ ಅಲ್ಲಿ ಬಂದಿತ್ತು. ಕಚ್ಚಿದ್ದು ಒಬ್ಬ, ಆದರೆ ಗುಂಪಿನಲ್ಲಿ ಆರೋಪಿಗಳಾದವರು ಆ ಶೆಡ್ಡುಗಳಿಂದ ಬರುವ ಏಳೂ ಮಕ್ಕಳು.

ಸಭೆಯಲ್ಲಿ ನನಗೆ ಕಷ್ಟವಾದದ್ದು ಆ ಮಾತಿಗೆ ಉತ್ತರಿಸುವುದಲ್ಲ. ನಾಲ್ಕು ಸಲ ಕಚ್ಚಿಸಿಕೊಂಡ ಹುಡುಗಿಯ ತಾಯಿ ಮೆಲ್ಲಗೆ ಕೇಳಿದ್ದಕ್ಕೆ: ‘ಅವನ ಕಷ್ಟ ನನಗೂ ಅರ್ಥವಾಗುತ್ತದೆ, ತಾಈ. ಅವನು ಕಲಿಯುವವರೆಗೆ ನನ್ನ ಮಗಳು ಎಷ್ಟು ಸಲ ಕಚ್ಚಿಸಿಕೊಳ್ಳಬೇಕು?’ ಅದು ನ್ಯಾಯವಾದ ಪ್ರಶ್ನೆ. ಒಂದು ಮಗುವಿನ ಕಲಿಕೆಯ ಬೆಲೆಯನ್ನು ಇನ್ನೊಂದು ಮಗು ತೆರಬೇಕು ಎಂದು ಹೇಳುವ ಹಕ್ಕು ಯಾವ ಶಾಲೆಗೂ ಇಲ್ಲ.

ನಾನು ಹೇಳಿದ್ದು ಇಷ್ಟು: ಅವನನ್ನು ಹೊರಹಾಕುವುದಿಲ್ಲ. ಆರು ವಾರ ಸಮಯ ಕೊಡಿ. ಅಷ್ಟು ದಿನವೂ ಮಾವಶಿ ಅವನ ಪಕ್ಕದಲ್ಲಿರುತ್ತಾರೆ. ಯಾರ ಮಗುವಿಗೆ ಏನೇ ಆದರೂ ಅದೇ ದಿನ ನಾನೇ ಫೋನ್ ಮಾಡುತ್ತೇನೆ, ಹೊಡೆದ ಮಗುವಿನ ಹೆಸರು ಮಾತ್ರ ಹೇಳುವುದಿಲ್ಲ. ಪ್ರತಿ ಶುಕ್ರವಾರ ಆ ವಾರದ ಘಟನೆಗಳ ಎಣಿಕೆಯನ್ನು ನೋಡಬಹುದು. ಎಂಟು ಮಂದಿ ಒಪ್ಪಿದರು. ಇಬ್ಬರು ಸುಮ್ಮನಾದರು. ಆ ಹುಡುಗಿಯ ತಾಯಿ ಮಗಳನ್ನು ಇನ್ನೊಂದು ವಿಭಾಗಕ್ಕೆ ಹಾಕಿಸಿಕೊಂಡರು. ಅವರ ನಿರ್ಧಾರ ಸರಿಯಾಗಿತ್ತು, ನಾವು ತಡೆಯಲಿಲ್ಲ.

ಆರು ವಾರದಲ್ಲಿ ಪವಾಡವೇನೂ ನಡೆಯಲಿಲ್ಲ. ದಿನಕ್ಕೊಂದು ಇದ್ದದ್ದು ವಾರಕ್ಕೆ ಎರಡಾಯಿತು. ದೀಪಾವಳಿ ರಜೆ ಮುಗಿಸಿ ಬಂದಾಗ ಮತ್ತೆ ಏರಿತು. ಡಿಸೆಂಬರ್ ಹೊತ್ತಿಗೆ ಹದಿನೈದು ದಿನಕ್ಕೊಂದು. ಒಂದು ದಿನ ಬ್ಲಾಕು ಕಿತ್ತುಕೊಂಡವನ ಎದುರು ಅಂಗೈ ಹಿಡಿದು ‘ನಕೋ’ ಎಂದು ಕಿರುಚಿದ. ಇಡೀ ಕೋಣೆ ಬೆಚ್ಚಿಬಿತ್ತು. ತಾಈ ಮಾತ್ರ ನೋಟ್‌ಬುಕ್ಕಿನಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಳು. ಮಗು ಒಳ್ಳೆಯದು ಮಾಡಿದ್ದನ್ನು ಬರೆಯಲು ನಮ್ಮಲ್ಲಿ ಕೆಂಪು ಶಾಯಿ.

ಹೊಡೆದು ಹೊಡೆಯಬೇಡ ಎನ್ನುವುದು

‘ಎರಡು ಬಿಟ್ಟರೆ ಸರಿಹೋಗ್ತಾನೆ’ ಎನ್ನುವವರು ಪಾಲಕರಲ್ಲೂ ಇದ್ದಾರೆ, ಟೀಚರುಗಳಲ್ಲೂ ಇದ್ದಾರೆ. ದಂಡ ದಶಗುಣ ಎಂಬ ನಂಬಿಕೆಯಲ್ಲೇ ನಾವೆಲ್ಲ ಬೆಳೆದವರು. ಕಾನೂನು ಸ್ಪಷ್ಟವಾಗಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಅದು 6ರಿಂದ 14 ವರ್ಷದವರಿಗಲ್ಲವೇ, ಶಿಶುವಿಹಾರಕ್ಕೆ ಎಲ್ಲಿ ಅನ್ವಯಿಸುತ್ತದೆ ಎಂದು ಕೇಳುವವರಿಗೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಮಗುವನ್ನು ನೋಡಿಕೊಳ್ಳಬೇಕಾದವರೇ ಎಸಗುವ ಕ್ರೌರ್ಯಕ್ಕೆ ಅಲ್ಲಿ ಶಿಕ್ಷೆ ಇದೆ.

ಕಾನೂನಿನ ಭಯಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಮಕ್ಕಳೊಂದಿಗೆ ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದುವುದನ್ನು ಕೆಲವು ಮಕ್ಕಳು ನೋಡಿದರು. ಆಮೇಲೆ ಅವರನ್ನು ಬೊಂಬೆಯ ಬಳಿ ಬಿಟ್ಟಾಗ ದೊಡ್ಡವರು ಗುದ್ದಿದಂತೆಯೇ ಗುದ್ದಿದರು, ಅವರು ಆಡಿದ ಮಾತನ್ನೇ ಆಡಿದರು. ಹೊಡೆಯುವುದು ಹುಟ್ಟಿನಿಂದ ಬಂದರೂ, ಹೊಡೆದರೆ ಕೆಲಸ ಆಗುತ್ತದೆ ಎಂಬುದನ್ನು ಮಗು ನಮ್ಮನ್ನು ನೋಡಿಯೇ ಖಚಿತಪಡಿಸಿಕೊಳ್ಳುತ್ತದೆ.

ಮಹಾರಾಷ್ಟ್ರದಲ್ಲಿ ಕೆಲಸ ಮಾಡುವ ನನಗೆ ಈ ವಿಷಯದಲ್ಲಿ ನೆನಪಾಗುವವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. ತಾರಾಬಾಯಿ 1945ರಲ್ಲಿ ಸಮುದ್ರ ತೀರದ ಬೋರ್ಡಿ ಎಂಬ ಊರಿನಲ್ಲಿ ಬಾಲವಾಡಿ ಶುರುಮಾಡಿದರು. ಅನುತಾಯಿ ಜೊತೆಗೂಡಿದರು. ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದಾಗ ಅವರು ಶಾಲೆಯನ್ನೇ ಆ ಕೇರಿಗಳ ಅಂಗಳಕ್ಕೆ ಒಯ್ದರು. ಮಕ್ಕಳ ಮೈ ತೊಳೆಸುವುದು, ಅಲ್ಲೇ ಸಿಗುವ ಕಾಯಿ, ಕಲ್ಲು, ಎಲೆಗಳಿಂದ ಆಟ ಕಟ್ಟುವುದು, ಎಲ್ಲವೂ ಪಾಠವಾಯಿತು. ಮಗು ಶಾಲೆಗೆ ಹೊಂದದಿದ್ದರೆ ಶಾಲೆ ಮಗುವಿಗೆ ಹೊಂದಬೇಕು ಎಂಬುದನ್ನು ಅವರು ಅಷ್ಟು ಹಿಂದೆಯೇ ಮಾಡಿ ತೋರಿಸಿದ್ದರು.

ಯಾವಾಗ ನೆರವು ಬೇಕು?

ಎಲ್ಲ ಹೊಡೆತವೂ ವಯಸ್ಸಿನೊಂದಿಗೆ ಹೋಗುತ್ತದೆ ಎಂದು ಕಾಯುತ್ತ ಕೂರುವುದೂ ಸರಿಯಲ್ಲ. ಐದು ದಾಟಿದ ಮೇಲೂ ದಿನವೂ ಇತರರಿಗೆ ಪೆಟ್ಟು ಮಾಡುತ್ತಿದ್ದರೆ, ತನಗೆ ತಾನೇ ಹೊಡೆದುಕೊಳ್ಳುತ್ತಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಮೂರು ತುಂಬಿದರೂ ಎರಡು ಮೂರು ಪದ ಕೂಡಿಸಿ ಮಾತಾಡದಿದ್ದರೆ ತಪಾಸಣೆ ಮಾಡಿಸಬೇಕು. ಸಮಾಧಾನದ ಮಗು ಒಂದು ದಿನ ಇದ್ದಕ್ಕಿದ್ದಂತೆ ಹೊಡೆಯತೊಡಗಿದರೆ ಅದರ ಬದುಕಿನಲ್ಲಿ ಏನು ಬದಲಾಯಿತು ಎಂದು ಕೇಳಲೇಬೇಕು. ಹೊಸ ತಮ್ಮ ಹುಟ್ಟಿರಬಹುದು, ಮನೆಯಲ್ಲಿ ಜಗಳವಿರಬಹುದು, ಯಾರೋ ಮಗುವನ್ನು ನೋಯಿಸುತ್ತಿರಲೂಬಹುದು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಬೆಳವಣಿಗೆಯ ವಿಳಂಬವನ್ನೂ ಪರೀಕ್ಷಿಸುತ್ತವೆ. ಮಾತು ಮತ್ತು ಕೇಳುವಿಕೆಯ ತೊಂದರೆಗೆ ಕರ್ನಾಟಕದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮಕ್ಕಳ ಮನಸ್ಸಿನ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೂ ಮಾತಾಡಬಹುದು. ಮಗು ಅಪಾಯದಲ್ಲಿದೆ ಎನಿಸಿದರೆ 1098.

ಹೊರನಾಡಿನ ಪಾಲಕರಿಗೆ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಇರುವ ನಮ್ಮವರಿಗೆ ಒಂದು ಮಾತು. ಮನೆಯಲ್ಲಿ ಕನ್ನಡ ಬಿಡಬೇಡಿ. ಶಾಲೆ ಸೇರುವ ಮುಂಚೆ ಅಲ್ಲಿನ ಭಾಷೆಯ ಹತ್ತು ಮಾತು ಮಾತ್ರ ಕಲಿಸಿಕೊಡಿ: ಬೇಕು, ಬೇಡ, ನಂದು, ನೀರು, ಹಸಿವು, ನೋವು, ಸುಸ್ಸು, ಬಿಡು, ಕೊಡು, ಟೀಚರನ್ನು ಕರೆಯುವ ಹೆಸರು. ನಿಮ್ಮ ಮಗು ಹೊಡೆಯಿತು ಎಂದು ಶಾಲೆಯಿಂದ ಫೋನ್ ಬಂದರೆ ಮನೆಗೆ ಬಂದ ಮೇಲೆ ಬಾರಿಸಬೇಡಿ. ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು ಎಂದು ಟೀಚರನ್ನು ಕೇಳಿ. ನಿಮ್ಮ ಮಗು ಪೆಟ್ಟು ತಿಂದಿದ್ದರೆ ‘ನೀನೂ ಎರಡು ಕೊಡು’ ಎಂದು ಹೇಳಿಕೊಡಬೇಡಿ. ಗಟ್ಟಿಯಾಗಿ ‘ಬೇಡ’ ಎಂದು ಕೂಗುವುದನ್ನು ಕಲಿಸಿ. ಫೋಟೊವನ್ನು ಗುಂಪಿಗೆ ಹಾಕುವ ಮೊದಲು ಶಾಲೆಗೆ ಬನ್ನಿ.

ಜೇವರ್ಗಿ ಕಡೆಯ ಆ ಹುಡುಗ ಈಗ ನಮ್ಮ ಬಳಿ ಇಲ್ಲ. ಫೆಬ್ರುವರಿಯಲ್ಲಿ ಇಲ್ಲಿನ ಕೆಲಸ ಮುಗಿದು, ಮೇಸ್ತ್ರಿ ಆ ಕುಟುಂಬವನ್ನು ಹೈದರಾಬಾದಿನ ಸೈಟಿಗೆ ಕಳಿಸಿದ. ಹೋಗುವ ಹಿಂದಿನ ದಿನ ತಾಯಿ ಹೇಳಲು ಬಂದಳು. ಅಲ್ಲಿನ ಶಾಲೆಗೆ ಕೊಡಲು ಒಂದು ಹಾಳೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರೆದುಕೊಟ್ಟೆವು. ಕನ್ನಡ ಮಾತಾಡುತ್ತಾನೆ. ಮರಾಠಿ ಐವತ್ತು ಪದ ಬರುತ್ತದೆ. ಎಡಗಿವಿಯ ಕಡೆ ಗಮನವಿರಲಿ. ಹನ್ನೊಂದಕ್ಕೆ ನಿದ್ದೆ ಬರುತ್ತದೆ. ಕೈಯಲ್ಲಿದ್ದದ್ದನ್ನು ಕೇಳದೆ ಕಿತ್ತರೆ ಕಚ್ಚಬಹುದು, ಅಂಗೈ ತೋರಿಸಿ ನೆನಪಿಸಿದರೆ ಮಾತಾಡುತ್ತಾನೆ. ಗೋಪುರ ಕಟ್ಟುವುದರಲ್ಲಿ ತರಗತಿಗೇ ಮೊದಲಿಗ.

ಆಕೆಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು.